ಲಗ್ನಪತ್ರಿಕೆ ಕೊಲಾಜ್: ಈ ತಿಂಗಳ ಕೆಲಸ

ಈ ತಿಂಗಳು ಕತ್ತರಿ ಹಿಡಿದದ್ದಕ್ಕಿಂತ ಬೇರೆಯವರ ಕೆಲಸ ನೋಡಿದ್ದೇ ಜಾಸ್ತಿ. ಅದರಿಂದಾಗಿ ನನ್ನ ಕೊಲಾಜ್, ಅಂದರೆ ಕಾಗದದ ಚೂರುಗಳನ್ನು ಅಂಟಿಸಿ ಮಾಡುವ ಚಿತ್ರ, ದಾರಿ ಬದಲಿಸಿದೆ.

ಮನಸ್ಸಿಗೆ ತುಂಬಾ ಹಿಡಿಸಿದ್ದು ಕಲಾವಿದೆ ಶೀಲಾ ಗೌಡ ಅವರ ಕೆಲಸ. ಹುಟ್ಟಿದ್ದು ಭದ್ರಾವತಿ, ಇರುವುದು ಬೆಂಗಳೂರು. ಇಟಲಿಯ ದೊಡ್ಡ ಕಲಾ ಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ 2009ರಲ್ಲಿ ಅವರ ‘ಬಿಹೋಲ್ಡ್’ ಎಂಬ ಕಲಾಕೃತಿ ಇತ್ತು. ಅದರಲ್ಲಿ ಎರಡೇ ಸಾಮಾನು: ಕಾರಿನ ಬಂಪರ್‌ಗಳು, ಮನುಷ್ಯರ ಕೂದಲಿನ ಹಗ್ಗ. ಹಗ್ಗ ಸುಮಾರು 4 ಕಿಲೋಮೀಟರ್ ಉದ್ದ! ದೃಷ್ಟಿ ತಾಗದಿರಲಿ ಅಂತ ನಮ್ಮಲ್ಲಿ ಗಾಡಿಗೆ ಕಟ್ಟುತ್ತಾರಲ್ಲ, ಅದೇ ಕರಿ ಹಗ್ಗ. ದಿನಾ ಟ್ರಾಫಿಕ್‌ನಲ್ಲಿ ಕಣ್ಣೆದುರೇ ಇರುತ್ತದೆ, ಅಲ್ವಾ? ಇಲ್ಲಿ ಆ ಹಗ್ಗವೇ ಬಂಪರ್‌ಗಳ ಭಾರ ಹೊತ್ತು ನೇತಾಡಿಸಿದೆ. ಕೂದಲು ಕೂದಲಾಗಿಯೇ ಇದೆ, ಬಂಪರ್ ಬಂಪರ್ ಆಗಿಯೇ ಇದೆ. ಯಾವುದರ ಗುರುತನ್ನೂ ಅವರು ಮುಚ್ಚಿಲ್ಲ. ಫೋಟೊದಲ್ಲಿ ನೋಡಿಯೇ ನನಗೆ ಮೈ ಜುಮ್ ಅಂದಿತು.

ಜರ್ಮನಿಯ ಕಲಾವಿದ ಕುರ್ಟ್ ಶ್ವಿಟ್ಟರ್ಸ್ ಕೂಡ ಹೀಗೇ. ಬಿಸಾಕಿದ ಟಿಕೆಟ್, ಲೇಬಲ್ಲುಗಳನ್ನು ಅಚ್ಚಿನ ಅಕ್ಷರ ಕಾಣುವ ಹಾಗೇ ಅಂಟಿಸುತ್ತಿದ್ದರು.

ಶಾಂತಿನಿಕೇತನದ ಚಿತ್ರಕಾರ ಬಿನೋದ್ ಬಿಹಾರಿ ಮುಖರ್ಜಿ ಅವರದ್ದು ಬೇರೆಯೇ ಪಾಠ. 1950ರ ದಶಕದಲ್ಲಿ ಕಣ್ಣಿನ ಆಪರೇಷನ್ ಆದ ಮೇಲೆ ಅವರಿಗೆ ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಬಣ್ಣದ ಕಾಗದ ಕತ್ತರಿಸಿ, ಅಂಟಿಸಿ ಚಿತ್ರ ಮಾಡಿದರು. ಅದನ್ನು ಓದಿದ ಮೇಲೆ ನಾನೂ ಕಣ್ಣು ಮುಚ್ಚಿ ಚೂರುಗಳನ್ನು ಸವರಿ ನೋಡುತ್ತಿದ್ದೇನೆ. ಕತ್ತರಿಸಿದ ಅಂಚು ಬೆರಳಿಗೆ ಚುರುಕು. ಹರಿದ ಅಂಚಿನಲ್ಲಿ ನಾರು ಮೆತ್ತಗೆ ಸಿಗುತ್ತದೆ. ಈಗ ಎರಡನ್ನೂ ಬೇಕೆಂದೇ ಪಕ್ಕಪಕ್ಕ ಇಡುತ್ತೇನೆ.

ನನ್ನ ಹಲಗೆಯ ಮೇಲಿರುವುದು ಹಳೇ ಲಗ್ನಪತ್ರಿಕೆಗಳು, ಬಸ್ ಟಿಕೆಟ್‌ಗಳು. ಪತ್ರಿಕೆಯ ಮೂಲೆಗೆ ಹಚ್ಚಿದ ಅರಿಶಿನವನ್ನು ಹಾಗೇ ಬಿಟ್ಟಿದ್ದೇನೆ. ಇಡೀ ಚಿತ್ರದಲ್ಲಿ ಹಳದಿ ಬರುವುದು ಅಲ್ಲಿಂದ ಮಾತ್ರ. ನಾಲ್ಕು ಮೂಲೆ ಸೇರಿದ ಕಡೆ ಸೊಗಸಾದ ಹೂವಿನಂಥ ಕಲೆ ಮೂಡಿದೆ. ಮೆಷಿನ್ ಟಿಕೆಟ್‌ನ ಅಕ್ಷರ ಬೇಗ ಮಾಸುತ್ತದೆ, ಹಾಗಾಗಿ ಅಚ್ಚಿನ ಟಿಕೆಟ್‌ಗಳನ್ನೇ ಆರಿಸಿದೆ. ಅಂಟು ಮನೆಯಲ್ಲೇ ಕಾಯಿಸಿದ ಮೈದಾ ಗೋಂದು. ಹುಳ ಬೀಳದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕುತ್ತೇನೆ. ಅದು ವಿಷ, ಅಡುಗೆ ಪಾತ್ರೆಯಲ್ಲಿ ಕಲಸಬೇಡಿ.

ಎಡಭಾಗ ಒಣಗಿದೆ. ಬಲಕ್ಕೆ ಇನ್ನಷ್ಟು ದಪ್ಪ ಕಾಗದ ಬೇಕು. ಭಾನುವಾರ ರದ್ದಿ ಅಂಗಡಿಗೆ ಹೋಗಿ ಹಳೇ ಲೆಕ್ಕದ ಪುಸ್ತಕದ ರಟ್ಟು ಹುಡುಕುತ್ತೇನೆ.