ಎರಡು ಕಾಫಿ, ಎರಡು ರೂಪಾಯಿ

ಬೆಳಿಗ್ಗೆ ದರ್ಶಿನಿಯಲ್ಲಿ ಎರಡು ಕಾಫಿ ಕುಡಿದ್ವಿ. ನಲವತ್ತು ರೂಪಾಯಿ. ಬಿಲ್ಲಿನ ಕೆಳಗೆ ಸಣ್ಣಕ್ಷರದಲ್ಲಿ ಸಿಜಿಎಸ್‌ಟಿ 1, ಎಸ್‌ಜಿಎಸ್‌ಟಿ 1. ಒಟ್ಟು 42.

ಗೆಳೆಯನಿಗೆ ಅಷ್ಟು ಸಾಕಾಯ್ತು. ‘ಟ್ಯಾಕ್ಸ್ ಕಟ್ಟೋದೇ ನಮ್ಮಂಥ ಸಂಬಳದವರು ಗುರು’ ಅಂತ ಶುರು ಮಾಡಿದ. ಪಕ್ಕದಲ್ಲೇ ನಿಂತು ಕಾಫಿ ಆರಿಸ್ತಿದ್ದ ವಾಚ್‌ಮನ್ ಅಂಕಲ್ ತಮ್ಮ ಬಿಲ್ ಎತ್ತಿ ತೋರಿಸಿದರು. ಅವರದ್ದೂ ಐವತ್ತು ಪೈಸೆ, ಐವತ್ತು ಪೈಸೆ. ಇವನು ಸುಮ್ನಾದ.

ಆಮೇಲೆ ಮಾತು ಚುನಾವಣೆಗೆ ನಿಲ್ಲೋರು ಆಸ್ತಿ ಘೋಷಿಸೋ ಅಫಿಡವಿಟ್‌ಗಳ ಕಡೆ ಹೋಯ್ತು. ಡಿ.ಕೆ. ಶಿವಕುಮಾರ್ ಅವರು ಘೋಷಿಸಿದ ಆಸ್ತಿ 2013ರಲ್ಲಿ ಸುಮಾರು 251 ಕೋಟಿ, 2018ರಲ್ಲಿ 840, 2023ರಲ್ಲಿ 1,413. ಅದೇ 2023ರಲ್ಲಿ ಈ ಅಫಿಡವಿಟ್‌ಗಳನ್ನ ಲೆಕ್ಕ ಹಾಕೋ ಎಡಿಆರ್ ಅನ್ನೋ ಸಂಸ್ಥೆ ದೇಶದ ಶಾಸಕರ ಆಸ್ತಿ ಪಟ್ಟಿ ಮಾಡಿದಾಗ ಮೇಲಿನ ತುದಿಯಲ್ಲಿ ಇವರು. ಕೆಳಗಿನ ತುದಿಯಲ್ಲಿ ಪಶ್ಚಿಮ ಬಂಗಾಳದ ಒಬ್ಬ ಬಿಜೆಪಿ ಶಾಸಕರು, 1,700 ರೂಪಾಯಿ. ಕೋಟಿ ಅಲ್ಲ, ಬರೀ ರೂಪಾಯಿ!

‘ಜಮೀನಿನ ರೇಟ್ ಏರಿದ್ರೆ ಆಸ್ತಿನೂ ಏರತ್ತೆ, ಅದಕ್ಕೇ ಕಳ್ಳ ಅನ್ನೋಕಾಗತ್ತಾ?’ ಅಂದ ಗೆಳೆಯ. ಆಗಲ್ಲ, ಒಪ್ಪಿದೆ. ದುಡ್ಡಿರೋದು ತಪ್ಪಲ್ಲ. ಆದ್ರೆ ನನ್ನ ಸಂಬಳ ಕೈಗೆ ಬರೋ ಮೊದಲೇ ಟಿಡಿಎಸ್ ಅಂತ ತೆರಿಗೆ ಹಿಡೀತಾರೆ. ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲ. ನಮ್ಮಲ್ಲಿ ಎಷ್ಟೊಂದು ರಾಜಕಾರಣಿಗಳು ‘ನಾನು ರೈತ’ ಅಂತಾರೆ ನೋಡಿ. ನಮ್ಮೂರಿನ ರಾಗಿ ಬೆಳೆಗಾರರಿಗೆ ಮಾತ್ರ ಯಾಕೋ ಆ ಕೋಟಿಗಳ ಯೋಗ ಬಂದಿಲ್ಲ.

ವಾಚ್‌ಮನ್ ಅಂಕಲ್ ಲೋಟ ಇಟ್ಟು ಹೊರಟರು. ‘ಸಾವಿರದ ನಾನೂರು ಕೋಟಿ ಅಂದ್ರೆ ಎಷ್ಟು ಸೊನ್ನೆ ಸಾರ್?’ ಅಂದರು.

ಇಬ್ಬರೂ ಬೆರಳು ಮಡಚಿ ಎಣಿಸಿದ್ವಿ. ಅವನಿಗೆ ಒಂಬತ್ತು ಬಂತು, ನನಗೆ ಹತ್ತು.