ಡೂಪ್ಲಿಕೇಟ್ ಸೆಟ್ಟಿನೊಳಗಿದ್ದ ಮೆಕ್ಯಾನಿಕ್

"ಡೂಪ್ಲಿಕೇಟ್ ಸೆಟ್‌ಗೆ ಯಾಕ್ ಸಾರ್ ಇಷ್ಟೊಂದು ಒದ್ದಾಡ್ತೀರ?"

ನಾನು ರಿಪೇರಿ ಮಾಡುತ್ತಿದ್ದ ಹಳೆ ಟೀವಿ ಗೇಮ್ ಸೆಟ್ ನೋಡಿ, ಭಾನುವಾರ ಮನೆಗೆ ಬಂದಿದ್ದವರು ಕೇಳಿದ ಮಾತು ಇದು. ವಾರ ಮುಗಿಯುತ್ತಾ ಬಂತು, ಇನ್ನೂ ತಲೆಯಿಂದ ಇಳಿದಿಲ್ಲ. ಹಂಗಿಸುವ ದನಿ ಅಲ್ಲ ಅದು. ನಿಜಕ್ಕೂ ಅರ್ಥವಾಗದೆ ಕೇಳಿದರು. ಹಂಗಿಸಿದ್ದರೆ ನನಗೂ ಸಿಟ್ಟು ಬಂದು, ವಿಷಯ ಅಲ್ಲಿಗೇ ಮುಗಿಯುತ್ತಿತ್ತು.

ಅವರು ಬೆಂಗಳೂರಿನವರು. ಹಳೆ ವಿಡಿಯೋ ಗೇಮ್‌ಗಳನ್ನು ಸಂಗ್ರಹಿಸುತ್ತಾರೆ. ಮನೆಯವರನ್ನೆಲ್ಲ ಚಾಮುಂಡಿ ಬೆಟ್ಟಕ್ಕೆ ಕಳಿಸಿ, ತಾವೊಬ್ಬರೇ ಸರಸ್ವತಿಪುರಂಗೆ, ನಮ್ಮ ಮನೆಗೆ ಬಂದರು. ಚೀಲದೊಳಗೆ ದಪ್ಪ ಟವೆಲ್‌ನಲ್ಲಿ ಸುತ್ತಿದ ಫ್ಯಾಮಿಕಾಮ್. ಟೀವಿಗೆ ಹಾಕಿ ಆಡುವ, ನಿಂಟೆಂಡೊ ಕಂಪನಿಯ ಅಸಲಿ ಗೇಮ್ ಯಂತ್ರ. 1983ರ ಜುಲೈ 15ರಂದು ಜಪಾನಿನಲ್ಲಿ 14,800 ಯೆನ್ ಬೆಲೆಗೆ ಬಿಡುಗಡೆಯಾದದ್ದು. ಬಿಳಿ ಮೈ, ಕಡುಗೆಂಪು ಅಂಚು, ಎರಡೂ ಪಕ್ಕ ಸಿಕ್ಕಿಸಿಡುವ ಕಂಟ್ರೋಲರ್, ಎರಡನೆಯದರಲ್ಲಿ ಪುಟ್ಟದೊಂದು ಮೈಕ್. ಫೋಟೋದಲ್ಲಿ ಎಷ್ಟು ನೋಡಿದ್ದರೂ ಕೈಯಲ್ಲಿ ಹಿಡಿದಿರಲಿಲ್ಲ. ಹಿಡಿದಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಯಂತ್ರ ಮುಟ್ಟುವ ಮೊದಲು ಅವರು ಕೈ ತೊಳೆದುಕೊಂಡು ಬಂದರು. ಅದು ನನಗೆ ತುಂಬ ಹಿಡಿಸಿತು. ಸ್ಕ್ರೂ ಬಿಚ್ಚಿದರೆ ಬಿಚ್ಚಿದ ಕ್ರಮದಲ್ಲೇ ಜೋಡಿಸಿಡುವ ಮನುಷ್ಯ. ಹಿಡಿಸದೇ ಇದ್ದದ್ದು ಒಂದೇ. ಯಾವ ವಸ್ತುವಿನ ಮಾತು ಬಂದರೂ ಎಷ್ಟಕ್ಕೆ ಸಿಕ್ಕಿತು, ಈಗ ಎಷ್ಟಕ್ಕೆ ಹೋಗುತ್ತೆ ಅಂತಲೇ ಶುರು ಮಾಡುತ್ತಿದ್ದರು.

ನನ್ನ ಮೇಜಿನ ಮೇಲಿದ್ದದ್ದು ಮಂಡ್ಯದಿಂದ ಬಂದ ಸೆಟ್. ಸುಭಾಷ್ ನಗರದ ಒಬ್ಬ ಅಕ್ಕನದು. ಅವರ ತಂದೆ ಬೋನಸ್ ಬಂದಾಗ ಮಕ್ಕಳಿಗೆ ಕೊಡಿಸಿದ್ದಂತೆ. ತಮ್ಮ ಈಗ ಊರಲ್ಲಿಲ್ಲ, ತಂದೆ ಹೋಗಿ ಬಹಳ ವರ್ಷ ಆಯಿತು. ಅಟ್ಟ ಕ್ಲೀನ್ ಮಾಡುವಾಗ ಸಿಕ್ಕಿತು ಅಂತ ತಂದುಕೊಟ್ಟರು. "ದುಡ್ಡು ಎಷ್ಟಾದರೂ ಆಗಲಿ, ಇದೇ ಸರಿಹೋಗಬೇಕು, ಬೇರೆ ಬೇಡ" ಅಂದಿದ್ದರು. ತೊಂಬತ್ತರ ದಶಕದಲ್ಲಿ ನಮ್ಮ ಕಡೆ 'ಟೀವಿ ಗೇಮ್' ಅಂತ ಮನೆಮನೆಗೆ ಬಂತಲ್ಲ, ಅದೇ ಜಾತಿ. ಒಳಗಿನ ಲೆಕ್ಕಾಚಾರವೆಲ್ಲ ಫ್ಯಾಮಿಕಾಮ್‌ನದೇ, ಕ್ಯಾಸೆಟ್ಟಿಗೂ ಅದೇ 60 ಪಿನ್. ಆದರೆ ನಿಂಟೆಂಡೊ ಮಾಡಿದ್ದಲ್ಲ, ನಿಂಟೆಂಡೊಗೆ ಒಂದು ಪೈಸೆ ಹೋದದ್ದೂ ಅಲ್ಲ. ಅದು ಸರಿ ಅಂತ ನಾನು ವಾದ ಮಾಡುವುದಿಲ್ಲ. ಆಟ ಬರೆದವರ ಬೆವರಿಗೆ ಬೆಲೆ ಸಿಗಬೇಕಿತ್ತು. ಆದರೆ ಆಗ ಮಂಡ್ಯದಲ್ಲಾಗಲಿ ಮೈಸೂರಿನಲ್ಲಾಗಲಿ ಒಬ್ಬ ಹುಡುಗ ಅಸಲಿ ಯಂತ್ರ ಆಡಬೇಕು ಅಂದರೆ ಸುಲಭವಿರಲಿಲ್ಲ. ನಮಗೆ ಸಿಕ್ಕಿದ್ದು ಇದು. ಕಾಂಟ್ರಾ, ಮಾರಿಯೋ, ರೋಡ್ ಫೈಟರ್, ಸರ್ಕಸ್ ಚಾರ್ಲಿ ಎಲ್ಲ ನಮಗೆ ಬಂದದ್ದು ಇದರಿಂದ.

ಸೆಟ್ ಬಂದಾಗ ಕೆಂಪು ದೀಪ ಮಿಣುಕುತ್ತಿತ್ತು, ಟೀವಿಯಲ್ಲಿ ಏನೂ ಇಲ್ಲ. ತಳದ ಸ್ಕ್ರೂ ಬಿಚ್ಚಿ ಮೇಲಿನ ಡಬ್ಬಿ ಎತ್ತಿದೆ. ಇಂಥ ಸೆಟ್ ಬಿಚ್ಚುವಾಗ ನನಗೊಂದು ಆತಂಕ ಇರುತ್ತದೆ. ಕೊನೆ ಕೊನೆಗೆ ಬಂದವುಗಳಲ್ಲಿ ಎಲ್ಲ ಚಿಪ್ಪನ್ನೂ ಒಂದೇ ತುಣುಕಿಗೆ ಇಳಿಸಿ, ಮೇಲೆ ಕಪ್ಪು ಅಂಟು ಸುರಿದು ಮುಚ್ಚಿರುತ್ತಾರೆ. ಅದು ಹೋದರೆ ಹೋಯಿತು, ಯಾರೂ ಏನೂ ಮಾಡೋಕಾಗಲ್ಲ. ಇದು ಹಾಗಿರಲಿಲ್ಲ. 40 ಕಾಲಿನ ಎರಡು ದೊಡ್ಡ ಚಿಪ್, ತೈವಾನಿನ ಯುಎಂಸಿ ಕಂಪನಿಯವು. ಲೆಕ್ಕ ಮಾಡುವ ಚಿಪ್ಪಿನ ಮೇಲೆ ಯುಎ6527ಪಿ, ಚಿತ್ರ ಬರೆಯುವ ಚಿಪ್ಪಿನ ಮೇಲೆ ಯುಎ6538. ಪಕ್ಕದಲ್ಲಿ ಎರಡೆರಡು ಕೆಬಿಯ ಎರಡು ಮೆಮೊರಿ ಚಿಪ್. ಇಷ್ಟೇ ಮೆಮೊರಿಯಲ್ಲಿ ಅಷ್ಟು ದೊಡ್ಡ ಮಾರಿಯೋ ಲೋಕ ಓಡಾಡುತ್ತಿತ್ತು ಅಂದರೆ ಈಗಲೂ ನನಗೆ ಬೆರಗು.

ಆದರೆ ಅವತ್ತು ನನ್ನ ಕಣ್ಣು ನೆಟ್ಟಿದ್ದು ಚಿಪ್ಪಿನ ಮೇಲಲ್ಲ. ಮೂಲೆಯಲ್ಲಿ 7805 ಇತ್ತು. ಅಡಾಪ್ಟರಿನಿಂದ ಬರುವ 9 ವೋಲ್ಟನ್ನು 5ಕ್ಕೆ ಇಳಿಸುವ ಮೂರು ಕಾಲಿನ ರೆಗ್ಯುಲೇಟರ್. ಉಳಿದ ನಾಲ್ಕು ವೋಲ್ಟ್ ಶಾಖವಾಗಿ ಅದರ ಮೈಮೇಲೇ ಬೀಳುತ್ತೆ. ಸಾಮಾನ್ಯವಾಗಿ ಈ ಸೆಟ್‌ಗಳಲ್ಲಿ ಅದಕ್ಕೆ ಹೆಸರಿಗೊಂದು ತಗಡಿನ ಚೂರು ಸಿಕ್ಕಿಸಿರುತ್ತಾರೆ. ಇಲ್ಲಿ ಯಾರೋ ಹಳೆಯದನ್ನು ಕಿತ್ತು ಹೊಸ 7805 ಹಾಕಿ, ಹಿಂದೆ ದಪ್ಪ ಅಲ್ಯುಮಿನಿಯಂ ರೆಕ್ಕೆಯ ತುಂಡೊಂದನ್ನು ಬೋಲ್ಟ್ ಹಾಕಿ ಕೂರಿಸಿದ್ದರು. ಯಾವುದೋ ಆಂಪ್ಲಿಫೈಯರಿನ ಹೀಟ್‌ಸಿಂಕ್ ಕೊಯ್ದದ್ದು. ಆಕ್ಸಾ ಬ್ಲೇಡಿನ ಗೀರು ಒಂದು ಬದಿಯಲ್ಲಿ ಇನ್ನೂ ಕಾಣುತ್ತಿತ್ತು. ಬೆರಳಿಟ್ಟು ನೋಡಿದೆ. ಕೊಯ್ದ ಅಂಚು ಕೈಗೆ ಹತ್ತಲಿಲ್ಲ. ನಾಲ್ಕೂ ಮೂಲೆ ಅರದಿಂದ ಉಜ್ಜಿ ನುಣ್ಣಗೆ ಮಾಡಿದ್ದರು. ಡಬ್ಬಿ ಮುಚ್ಚಿದ ಮೇಲೆ ಯಾರಿಗೂ ಕಾಣದ ಮೂಲೆ ಅದು!

ಕೆಳಗಿನ ಡಬ್ಬಿಯ ಒಳಮೈ ಮೇಲೆ ಬಾಲ್ ಪೆನ್ನಿನಲ್ಲಿ ಕನ್ನಡದಲ್ಲೇ ಬರೆದಿತ್ತು: "4-10-97. ರೆಗ್ಯುಲೇಟರ್. ಸೌಂಡ್."

ಅಂದರೆ ಆ ವರ್ಷದ ದಸರಾ ಹೊತ್ತು. ಮಕ್ಕಳು ರಜೆಯಲ್ಲಿ ಹಗಲಿಡೀ ಆಡಿ, ಕಾದು ಕಾದು ರೆಗ್ಯುಲೇಟರ್ ಹೋಗಿರಬೇಕು.

ನನ್ನ ಪಾಲಿಗೆ ಉಳಿದ ಕೆಲಸ ಅಂಥ ದೊಡ್ಡದಲ್ಲ. ಆ ಮೆಕ್ಯಾನಿಕ್ ಹಾಕಿದ 7805 ಇವತ್ತಿಗೂ ಸರಿಯಾಗಿ 5 ವೋಲ್ಟ್ ಕೊಡುತ್ತಿತ್ತು. ಸತ್ತಿದ್ದು ಅದರ ಪಕ್ಕದ ದೊಡ್ಡ ಕೆಪಾಸಿಟರ್. ಉಬ್ಬಿ, ಸೋರಿ, ಕೆಳಗಿನ ತಾಮ್ರದ ಗೆರೆಯನ್ನು ತಿಂದುಹಾಕಿತ್ತು. ಹೊಸದು ಹಾಕಿ, ಗೆರೆ ತುಂಡಾದಲ್ಲಿ ವೈರ್ ಬೆಸೆದೆ. ಕ್ಯಾಸೆಟ್ ಕೂರುವ ಜಾಗವನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸಿದರೆ ಹತ್ತಿಯೆಲ್ಲ ಕಪ್ಪು. ಬಾಯಲ್ಲಿ ಊದಿ ಊದಿ ಹಾಕುತ್ತಿದ್ದೆವಲ್ಲ, ಎಂಜಲ ತೇವ ಕೂತು ಪಿನ್ನು ಕಿಲುಬು ಹಿಡಿಯುತ್ತೆ. ಆಟ ಶುರುವಾಗುತ್ತಿದ್ದದ್ದು ಊದಿದ್ದಕ್ಕಲ್ಲ, ತೆಗೆದು ಮತ್ತೆ ಒತ್ತಿ ಹಾಕಿದ್ದಕ್ಕೆ.

ಒಂದು ಬದಲಾವಣೆ ಮಾತ್ರ ನಾನಾಗಿ ಮಾಡಿದೆ. ಈ ಸೆಟ್ಟಿನಿಂದ ಚಿತ್ರ ಹೊರಗೆ ಬರುವುದು ಆಂಟೆನಾ ವೈರಿನಲ್ಲಿ ಮಾತ್ರ. ಹೊಸ ಟೀವಿಗೆ ಹಾಕಿದರೆ ಬರುತ್ತೆ, ಆದರೆ ಮಂಜು ಮಂಜು. ಚಿತ್ರದ ಚಿಪ್ಪಿನ 21ನೇ ಕಾಲಿನಿಂದ ಸಿಗ್ನಲ್ ತೆಗೆದು, ಒಂದು ಟ್ರಾನ್ಸಿಸ್ಟರ್ ಮೂಲಕ ಬಲ ಕೊಟ್ಟು, ಹಳದಿ ಎವಿ ಪಿನ್ನಿಗೆ ತಂದೆ. ಡಬ್ಬಿಗೆ ತೂತು ಕೊರೆಯಲಿಲ್ಲ, ಹಿಂದಿನ ಗಾಳಿ ಸಂದಿಯಿಂದಲೇ ವೈರ್ ಹೊರಗೆ ಬಂತು. ಹಳೆ ಆಂಟೆನಾ ದಾರಿಯನ್ನೂ ಕೆಡಿಸಲಿಲ್ಲ. ಒಳಗಿನದೆಲ್ಲ ಕಿತ್ತೆಸೆದು ಡಬ್ಬಿಯೊಳಗೆ ಪುಟ್ಟ ಕಂಪ್ಯೂಟರ್ ಬೋರ್ಡ್ ತುಂಬುವವರಿದ್ದಾರೆ. ಸಾವಿರ ಆಟ ಸಿಗುತ್ತೆ, ನಿಜ. ನನಗೆ ಅದು ನೋಡೋಕಾಗಲ್ಲ. ಮುಂದೆ ಇನ್ನೊಬ್ಬರು ಇದನ್ನು ಬಿಚ್ಚಿದಾಗ, ನಾನು ಹಾಕಿದ್ದನ್ನು ತೆಗೆದರೆ ಮೊದಲಿನ ಹಾಗೇ ಇರಬೇಕು.

ಭಾನುವಾರ ಬಂದವರಿಗೆ ಇದನ್ನೆಲ್ಲ ತೋರಿಸಿದೆ. ಹೀಟ್‌ಸಿಂಕ್ ತೋರಿಸಿದೆ, ಬರಹ ತೋರಿಸಿದೆ. ಆಗಲೇ ಅವರು ಆ ಮಾತು ಅಂದದ್ದು. ಡೂಪ್ಲಿಕೇಟ್ ಸೆಟ್‌ಗೆ ಯಾಕ್ ಸಾರ್ ಇಷ್ಟೊಂದು ಒದ್ದಾಡ್ತೀರ. ಕಾಫಿ ಬಂತು, ಮಾತು ಬೇರೆ ಕಡೆ ತಿರುಗಿತು.

ಆಮೇಲೆ ಎರಡೂ ಸೆಟ್ ಪಕ್ಕಪಕ್ಕ ಇಟ್ಟೆವು. ಅವರ ಫ್ಯಾಮಿಕಾಮಿಗೂ ಎವಿ ಮಾಡಿಸಿದ್ದರು. ಜಪಾನಿನ ಟೀವಿ ಚಾನೆಲ್ಲುಗಳ ಲೆಕ್ಕ ನಮ್ಮದಕ್ಕೆ ಹೊಂದುವುದಿಲ್ಲ, ಮಾಡಿಸಲೇಬೇಕು. ಅಕ್ಕನ ಮನೆಯ ಕ್ಯಾಸೆಟ್ಟನ್ನೇ ಎರಡಕ್ಕೂ ಒಂದಾದ ಮೇಲೊಂದರಂತೆ ಹಾಕಿದೆವು. 9999999 ಆಟ ಅಂತ ಬರೆದ ಕ್ಯಾಸೆಟ್, ಒಳಗೆ ಬೆರಳೆಣಿಕೆಯ ಆಟಗಳೇ ಸುತ್ತಿ ಸುತ್ತಿ ಬರುತ್ತವೆ. ಮಾರಿಯೋ ಒತ್ತಿದೆವು.

"ನಿಮ್ದು ಸ್ಲೋ" ಅಂದರು.

ಹೌದು, ಸ್ಲೋ. ಜಪಾನಿನ ಯಂತ್ರ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತೆ. ನಮ್ಮ ಟೀವಿಗಳು 50ರ ಲೆಕ್ಕದವು, ಅದಕ್ಕೆ ತಕ್ಕಂತೆ ಯುಎ6538 ಕೂಡ 50 ಸಲ ಬರೆಯುತ್ತೆ. ಆಟದ ಓಟ, ಜಿಗಿತ, ಹಾಡು ಎಲ್ಲ ಚಿತ್ರದ ಎಣಿಕೆಗೇ ಕಟ್ಟಿಕೊಂಡಿರುವುದರಿಂದ ಆರರಲ್ಲಿ ಒಂದು ಪಾಲು ನಿಧಾನ. ಆದರೆ ಇದು ಸುಮ್ನೆ ನಕಲು ಹೊಡೆದವರ ಕೆಲಸ ಅಲ್ಲ. ಯುರೋಪಿಗೆ ನಿಂಟೆಂಡೊ ತಾನೇ ಮಾಡಿದ 50ರ ಯಂತ್ರದಲ್ಲಿ ಜಪಾನಿನ ಕೆಲವು ಆಟ ಹಾಕಿದರೆ ಚಿತ್ರ ಕಲಸಿಕೊಳ್ಳುತ್ತೆ. ಈ ತೈವಾನ್ ಚಿಪ್ಪಿನಲ್ಲಿ ಹೆಚ್ಚುವರಿ ಸಮಯವನ್ನು ಜಾಣತನದಿಂದ ಬೇರೆ ಕಡೆ ಇಟ್ಟು, ಜಪಾನಿನ ಆಟಕ್ಕೆ ತಾನು ಜಪಾನಿನಲ್ಲೇ ಇದ್ದೇನೆ ಅನ್ನಿಸುವಂತೆ ಮಾಡಿದ್ದಾರೆ. ಯಾರೋ ಕೂತು ತಲೆ ಓಡಿಸಿದ್ದಾರೆ.

ಅವರ ಫ್ಯಾಮಿಕಾಮಿನಲ್ಲಿ ನಾನು ಆಡಿದಾಗ ಮಾರಿಯೋ ಕಾಲಿಗೆ ಬೆಂಕಿ ಬಿದ್ದವನ ಹಾಗೆ ಓಡಿದ. ಆ ವೇಗ ನನ್ನ ಹೆಬ್ಬೆರಳಿಗೆ ಗೊತ್ತಿಲ್ಲ. ನನಗೆ ಗೊತ್ತಿರುವ ಮಾರಿಯೋ ಹಾಡು ಆ ನಿಧಾನದ್ದೇ. ಮಂಡ್ಯ, ಮೈಸೂರು, ಹಾಸನ ಎಲ್ಲ ಕಡೆ ಒಂದು ಪೀಳಿಗೆಗೆ ಗೊತ್ತಿರುವುದು ಅದೇ.

ಅವರು ಮಾತ್ರ ಈ ಸೆಟ್ಟಿನಲ್ಲಿ ಸಲೀಸಾಗಿ ಆಡಿದರು. ಎಲ್ಲಿ ಜಿಗಿಯಬೇಕು ಅಂತ ಯೋಚಿಸಲೇ ಇಲ್ಲ. ಕೇಳಿದೆ, "ಚಿಕ್ಕವರಿದ್ದಾಗ ನೀವು ಯಾವುದರಲ್ಲಿ ಆಡಿದ್ದು?"

"ಇಂಥದ್ದೇ. ಆಗ ಗೊತ್ತಿರಲಿಲ್ಲ ಅಲ್ವಾ."

ಮೊದಲನೆಯದಕ್ಕಿಂತ ಈ ಮಾತು ನನ್ನನ್ನು ಜಾಸ್ತಿ ಕಲಕಿದೆ. ಏನು ಗೊತ್ತಿರಲಿಲ್ಲ? ನಿಂಟೆಂಡೊ ಅನ್ನುವ ಹೆಸರು ಗೊತ್ತಿರಲಿಲ್ಲ, ಒಪ್ಪೋಣ. ಆದರೆ ಕಾಂಟ್ರಾದಲ್ಲಿ 30 ಜೀವ ತರಿಸುವ ಮೇಲೆ ಮೇಲೆ ಕೆಳಗೆ ಕೆಳಗೆ ಒತ್ತುವ ಗುಟ್ಟು ಗೊತ್ತಿತ್ತು. ತಮ್ಮನಿಗೆ ಮೊದಲನೇ ಕಂಟ್ರೋಲರ್ ಬಿಟ್ಟುಕೊಡೋದು ಗೊತ್ತಿತ್ತು. ಅಡಾಪ್ಟರ್ ಬಿಸಿಯಾದರೆ ನಿಲ್ಲಿಸಬೇಕು ಅಂತ ಗೊತ್ತಿತ್ತು. ಆ ಸಂತೋಷ ಏನು ಡೂಪ್ಲಿಕೇಟ್ ಆಗಿತ್ತಾ? ಇವತ್ತು ನಲವತ್ತು ದಾಟಿದ ಮೇಲೆ, ಯಾರದೋ ಬೆಲೆಪಟ್ಟಿ ನೋಡಿ, ತಾನು ಆಡಿದ್ದು ಲೆಕ್ಕಕ್ಕಿಲ್ಲ ಅಂದುಕೊಳ್ಳುವುದು ನನಗೆ ತುಂಬ ನೋವಿನ ವಿಷಯ. ಅವರ ಮೇಲೆ ಕೋಪವಿಲ್ಲ. ಒಳ್ಳೆಯವರು. ಹೊರಡುವಾಗ ನಮ್ಮಮ್ಮನ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದರು. ಆದರೆ ಹೀಗೆ ತಮ್ಮದನ್ನು ತಾವೇ ಕೆಳಗಿಡುವವರು ಅವರೊಬ್ಬರೇ ಅಲ್ಲ. ನಮ್ಮ ಮನೆಯ ಹಳೆ ರೇಡಿಯೋ, ಪಾತ್ರೆ, ಮಾತು ಎಲ್ಲದರಲ್ಲೂ ನೋಡುತ್ತೇನೆ. ಹೊರಗಿನವರು ಬಂದು ಹೌದು ಅನ್ನುವವರೆಗೆ ನಮಗೆ ನಮ್ಮದು ವಸ್ತುವೇ ಅಲ್ಲ.

ಫ್ಯಾಮಿಕಾಮ್ ರೂಪಿಸಿದ ಮಸಾಯುಕಿ ಉಎಮುರಾ ಅವರ ಹೆಸರನ್ನು ಬೆಂಗಳೂರಿನವರು ಅವತ್ತು ತುಂಬ ಗೌರವದಿಂದ ಹೇಳಿದರು. ಗೌರವಕ್ಕೆ ಅರ್ಹರೇ. 2021ರಲ್ಲಿ ತೀರಿಕೊಂಡಾಗ ನನಗೂ ಬೇಜಾರಾಗಿತ್ತು. ಆದರೆ ಅವರು ಮಾಡಿದ ಯಂತ್ರದ ಹಿಂದೆ ಒಂದು ದೊಡ್ಡ ಕಂಪನಿ ಇತ್ತು, ನಕ್ಷೆ ಇತ್ತು, ಬಿಡಿಭಾಗ ಇತ್ತು. 1997ರಲ್ಲಿ ಮಂಡ್ಯದಲ್ಲಿ ಈ ಸೆಟ್ ಬಿಚ್ಚಿ ಕೂತವರ ಹತ್ತಿರ ಏನಿತ್ತು? ಒಂದು ಬೆಸುಗೆ ಕಡ್ಡಿ, ಒಂದು ಮೀಟರ್, ಪಕ್ಕದಲ್ಲಿ ಹಳೆ ಆಂಪ್ಲಿಫೈಯರ್. ಆಗ ರೇಡಿಯೋ, ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತಿದ್ದವರ ಅಂಗಡಿಗಳು ಈಗ ಮೊಬೈಲ್ ಕವರ್ ಮಾರುತ್ತವೆ, ಇಲ್ಲವೇ ಮುಚ್ಚಿವೆ. ಅವರ ಕೆಲಸ ಇರುವುದು ಇಂಥ ಡಬ್ಬಿಗಳ ಒಳಗೆ ಮಾತ್ರ. ಡೂಪ್ಲಿಕೇಟ್ ಅಂತ ಗುಜರಿಗೆ ಹಾಕಿದರೆ ಅದೂ ಇಲ್ಲ.

ಸೆಟ್ ನಾಳಿದ್ದು ಮಂಡ್ಯಕ್ಕೆ ವಾಪಸ್ ಹೋಗುತ್ತೆ. ಬಾತುಕೋಳಿ ಹೊಡೆಯುವ ಗನ್ ಕೂಡ ಇದೆ, ಅದು ಹಳೆ ಡಬ್ಬಾ ಟೀವಿಯಲ್ಲಿ ಮಾತ್ರ ಕೆಲಸ ಮಾಡುತ್ತೆ ಅಂತ ಅಕ್ಕನಿಗೆ ಹೇಳಿದ್ದೇನೆ. ಟೀವಿ ಹುಡುಕಿಸುತ್ತೇನೆ ಅಂದಿದ್ದಾರೆ.

ನನಗೆ ಇನ್ನೊಂದು ಕೆಲಸ ಬಾಕಿ ಇದೆ. ಅಕ್ಕನ ತಂದೆ ಸೈಕಲ್ಲಿನ ಹಿಂದೆ ಈ ಸೆಟ್ ಕಟ್ಟಿಕೊಂಡು ಪೇಟೆ ಬೀದಿ ಕಡೆಯ ಒಂದು ಮಹಡಿ ಅಂಗಡಿಗೆ ಒಯ್ದಿದ್ದರಂತೆ. ಅಲ್ಲಿನ ಮೆಕ್ಯಾನಿಕ್ ದಪ್ಪ ಕನ್ನಡಕದವರು, ಹೆಚ್ಚು ಮಾತಾಡುತ್ತಿರಲಿಲ್ಲ, ತನ್ನ ಕೈಯಲ್ಲಿ ಟಾರ್ಚ್ ಹಿಡಿಸಿ ಕೆಲಸ ಮಾಡಿದರು ಅಂತ ಅಕ್ಕ ಹೇಳುತ್ತಾರೆ. ಆಗ ಆ ಕಡೆ ಟೀವಿ ರಿಪೇರಿ ಮಾಡುತ್ತಿದ್ದವರ ಪರಿಚಯ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ. ಅವರನ್ನು ಒಂದು ವಿಷಯ ಕೇಳಬೇಕು. ಬೋರ್ಡಿನ ಅಡಿಯಲ್ಲಿ, ಕ್ಯಾಸೆಟ್ ಸ್ಲಾಟಿನ 45 ಮತ್ತು 46ನೇ ಪಿನ್ನುಗಳ ನಡುವೆ ಅವರು ಕೂದಲಿನಷ್ಟು ಸಣ್ಣ ನೀಲಿ ವೈರ್ ಬೆಸೆದಿದ್ದಾರೆ. ಫ್ಯಾಮಿಕಾಮ್ ಜಾತಿಯ ಯಂತ್ರದಲ್ಲಿ ಧ್ವನಿ ಒಂದು ಪಿನ್ನಿನಿಂದ ಕ್ಯಾಸೆಟ್ಟಿನೊಳಗೆ ಹೋಗಿ, ಇನ್ನೊಂದರಿಂದ ವಾಪಸ್ ಬಂದು ಟೀವಿಗೆ ಹೋಗುತ್ತೆ. ಕ್ಯಾಸೆಟ್ಟಿನಲ್ಲಿ ಆ ಕೊಂಡಿ ಇಲ್ಲದಿದ್ದರೆ ಚಿತ್ರ ಬರುತ್ತೆ, ಧ್ವನಿ ಇಲ್ಲ. ಆ ಕೊಂಡಿಯನ್ನು ಯಂತ್ರದಲ್ಲೇ ಹಾಕಿಬಿಟ್ಟರೆ ಯಾವ ಕ್ಯಾಸೆಟ್ಟಿಗೂ ಧ್ವನಿ ಬರುತ್ತೆ. ನಾನು ಇದನ್ನು ತಿಳಿದದ್ದು ಇಂಟರ್ನೆಟ್ಟಿನಲ್ಲಿ ನಕ್ಷೆ ನೋಡಿ. 60 ಪಿನ್ನುಗಳಲ್ಲಿ ಅವೆರಡೇ ಅಂತ, ನಕ್ಷೆ ಇಲ್ಲದೆ, ಅವರು ಹೇಗೆ ಕಂಡುಹಿಡಿದರು?