ಬಾಟಲಿಯೊಳಗೆ ವಯಸ್ಸು ನಿಂತುಬಿಡುತ್ತದೆ

ನನ್ನ ಸಂಗ್ರಹಕ್ಕೆ ಬಂದ ಮೊದಲ ಒಳ್ಳೆಯ ಬರ್ಬನ್, ಎಂದರೆ ಮೆಕ್ಕೆಜೋಳದ ಅಮೆರಿಕನ್ ವಿಸ್ಕಿಯ ಬಾಟಲಿಯನ್ನು ವೈನ್ ಬಾಟಲಿಯಂತೆ ಅಡ್ಡಲಾಗಿ ಮಲಗಿಸಿ, ಆರು ವರ್ಷ ಮುಟ್ಟದೆ ಇಟ್ಟಿದ್ದೆ. ಇಟ್ಟಷ್ಟೂ ಅದು ಹದಗೊಳ್ಳುತ್ತದೆ ಎಂದು ನಂಬಿದ್ದೆ. ತೆರೆದ ದಿನ ಬಿರಡೆ ಪುಡಿಯಾಗಿ ಒಳಗೆ ಉದುರಿತು. ಸೋಸಿ ಕುಡಿದಾಗ ನೆನೆದ ಬೆಂಡಿನ ವಾಸನೆ ಎಲ್ಲವನ್ನೂ ಮುಚ್ಚಿಹಾಕಿತ್ತು. ಶೇ. 45, 50ರಷ್ಟು ಮದ್ಯಸಾರವಿರುವ ಪಾನೀಯ ಬಿರಡೆಯನ್ನು ಮೆಲ್ಲಗೆ ತಿನ್ನುತ್ತದೆ, ಆದ್ದರಿಂದ ವಿಸ್ಕಿಯ ಬಾಟಲಿಯನ್ನು ನೆಟ್ಟಗೆ, ಬಿಸಿಲು ಸೋಕದ ಕಡೆ ಇಡಬೇಕು ಎಂಬುದನ್ನು ಹೀಗೆ ಕಲಿತೆ. ಅದಕ್ಕಿಂತ ದೊಡ್ಡ ಪಾಠವೆಂದರೆ, ಮುಚ್ಚಿದ ಬಾಟಲಿಯಲ್ಲಿ ವಿಸ್ಕಿಗೆ ವಯಸ್ಸಾಗುವುದಿಲ್ಲ.

ಬರ್ಬನ್‌ನ ಆಯುಷ್ಯವೆಲ್ಲ ಪೀಪಾಯಿಯಲ್ಲೇ ಕಳೆಯುತ್ತದೆ. ಅಮೆರಿಕದ ಕಾನೂನಿನ ಪ್ರಕಾರ ಧಾನ್ಯದ ಮಿಶ್ರಣದಲ್ಲಿ ಮೆಕ್ಕೆಜೋಳ ಕನಿಷ್ಠ ಶೇ. 51ರಷ್ಟಿರಬೇಕು, ಭಟ್ಟಿ ಇಳಿಸಿದ ಮದ್ಯವನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಗೆ, ಎಂದರೆ ರೂಢಿಯಲ್ಲಿ ಸುಮಾರು 200 ಲೀಟರಿನ ಪೀಪಾಯಿಗೆ, ಬಲ, ಎಂದರೆ ಮದ್ಯಸಾರದ ಪ್ರಮಾಣ, ಶೇ. 62.5 ಮೀರದಂತೆ ತುಂಬಬೇಕು. ಕೆಂಟಕಿಯ ಬೇಸಿಗೆಯಲ್ಲಿ ಮದ್ಯ ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹಿಂದಿರುಗುವಾಗ ಇದ್ದಿಲ ಪದರದ ಹಿಂದೆ ಕಂದಿದ ಸಕ್ಕರೆಯನ್ನೂ ವೆನಿಲಾ ಪರಿಮಳವನ್ನೂ ಹೊತ್ತು ತರುತ್ತದೆ. ಬಣ್ಣವೂ ಅಲ್ಲಿಂದಲೇ ಬರುವಂಥದ್ದು. ಈ ನಡುವೆ ಆವಿಯಾಗಿ ಹೋಗುವ ಭಾಗವನ್ನು ದೇವತೆಗಳ ಪಾಲು ಎನ್ನುತ್ತಾರೆ. ಬಹು ಅಂತಸ್ತಿನ ಉಗ್ರಾಣಗಳ ಮೇಲಿನ ಮಹಡಿಗಳ ಒಣ ಸೆಕೆಯಲ್ಲಿ ಮದ್ಯಸಾರಕ್ಕಿಂತ ನೀರು ಬೇಗ ಆವಿಯಾಗುವುದರಿಂದ ಅಲ್ಲಿನ ಪೀಪಾಯಿಗಳ ಬಲ ವರ್ಷದಿಂದ ವರ್ಷಕ್ಕೆ ಏರುತ್ತದೆ. ತಂಪಾದ ಸ್ಕಾಟ್ಲೆಂಡಿನಲ್ಲಿ ಅದು ಸಾಮಾನ್ಯವಾಗಿ ಇಳಿಯುತ್ತದೆ. ಒಂದೇ ದಿನ ತುಂಬಿದ ಎರಡು ಪೀಪಾಯಿಗಳು ಮಹಡಿ ಬೇರೆಯಾದ ಮಾತ್ರಕ್ಕೆ ಎರಡು ಬಗೆಯ ಪಾನೀಯಗಳಾಗುವುದು ನನಗೆ ಇಂದಿಗೂ ಬೆರಗಿನ ಸಂಗತಿ.

ಈ ಬೆರಗಿನ ಬೆನ್ನುಹತ್ತಿ ನಾನು ಸಂಗ್ರಹಿಸುವ ಕ್ರಮವನ್ನೇ ಬದಲಿಸಿದೆ. ಈಗ ಜೋಡಿಯಾಗಿ ಕೊಳ್ಳುತ್ತೇನೆ, ಎರಡನ್ನೂ ಒಟ್ಟಿಗೆ ತೆರೆಯುತ್ತೇನೆ. ಮೆಕ್ಕೆಜೋಳದ ಜೊತೆಗೆ ಗೋಧಿ ಬೆರೆಸುವ ಮೇಕರ್ಸ್ ಮಾರ್ಕ್ ಪಕ್ಕದಲ್ಲಿ ರೈ ಧಾನ್ಯ ಹೆಚ್ಚಿರುವ ಫೋರ್ ರೋಸಸ್ ಸಿಂಗಲ್ ಬ್ಯಾರೆಲ್ ಇಟ್ಟು ಸವಿದರೆ, ಮೊದಲನೆಯದರ ಮೆದು ಸಿಹಿಯೂ ಎರಡನೆಯದರ ಮೆಣಸಿನ ಖಾರವೂ ಯಾರ ವಿವರಣೆಯೂ ಬೇಕಿಲ್ಲದಷ್ಟು ನಿಚ್ಚಳವಾಗುತ್ತವೆ. ನನ್ನ ಕಪಾಟಿನಲ್ಲಿ ಸದಾ ಇರುವುದು ‘ಬಾಟಲ್ಡ್ ಇನ್ ಬಾಂಡ್’ ಬರ್ಬನ್. ವಿಸ್ಕಿಗೆ ಬಣ್ಣ, ರುಚಿಯ ವಸ್ತುಗಳನ್ನು ಕಲಬೆರಕೆ ಮಾಡಿ ಮಾರುತ್ತಿದ್ದ ಕಾಲದಲ್ಲಿ, 1897ರಲ್ಲಿ ಬಂದ ಕಾಯ್ದೆಯ ಹೆಸರು ಅದು: ಒಂದೇ ಭಟ್ಟಿಖಾನೆಯ, ಒಂದೇ ಹಂಗಾಮಿನ ಮದ್ಯ, ಸರ್ಕಾರದ ಉಸ್ತುವಾರಿಯ ಉಗ್ರಾಣದಲ್ಲಿ ಕನಿಷ್ಠ 4 ವರ್ಷ, ಶೇ. 50ರ ಬಲ. ಇಷ್ಟು ಖಾತರಿಯನ್ನು ಸಾಧಾರಣ ಬೆಲೆಗೆ ಕೊಡುವ ಚೀಟಿ ಬೇರೊಂದಿಲ್ಲ.

ಅಪರೂಪದ ಬಾಟಲಿಗಳ ಬೇಟೆಯಲ್ಲಿ ನನಗೆ ಆಸಕ್ತಿ ಉಳಿದಿಲ್ಲ. 1984ರಲ್ಲಿ ಬಂದ ಬ್ಲಾಂಟನ್ಸ್ ಎಂಬ ಬರ್ಬನ್‌ನ ಬಿರಡೆಗಳ ಮೇಲಿನ, ಒಂದೊಂದು ಅಕ್ಷರ ಹೊತ್ತ ಕುದುರೆ ಸವಾರರನ್ನು ಆ ಹೆಸರಿನ ಎಂಟು ಇಂಗ್ಲಿಷ್ ಅಕ್ಷರಗಳು ಪೂರ್ತಿಯಾಗುವವರೆಗೆ ಕೂಡಿಹಾಕುವ ಸಂತೋಷ ನನಗೆ ಅರ್ಥವಾಗುತ್ತದೆ. ಆದರೆ ಇಪ್ಪತ್ತು ವರ್ಷ ದಾಟಿದ ಬರ್ಬನ್ ಎಂದೊಡನೆ ಶ್ರೇಷ್ಠವೆಂದು ಒಪ್ಪಲಾರೆ. ಹೊಸ ಮರದಲ್ಲಿ ಅಷ್ಟು ಕಾಲ ಕುಳಿತ ಮದ್ಯದಲ್ಲಿ ಒಗರು, ಕಹಿ ತಲೆಯೆತ್ತುತ್ತವೆ. ನನ್ನ ನಾಲಿಗೆಗೆ 8ರಿಂದ 12 ವರ್ಷದ್ದು ಹದವಾದದ್ದು.

ಕುಡಿಯುವುದು ಸಣ್ಣ ಅಳತೆಯಲ್ಲಿ, ಬಾಯಿ ಕಿರಿದಾದ ಗಾಜಿನ ಲೋಟದಲ್ಲಿ, ಮೊದಲು ಹಾಗೆಯೇ, ಬಳಿಕ ನಾಲ್ಕು ಹನಿ ನೀರು ಬೆರೆಸಿ. ಬಾಟಲಿಯಲ್ಲಿ ಮೂರನೆಯ ಒಂದು ಭಾಗ ಉಳಿದಾಗ ಗಾಳಿಯಿಂದ ರುಚಿ ಸಪ್ಪೆಯಾಗದಂತೆ ಚಿಕ್ಕ ಸೀಸೆಗೆ ಸುರಿದಿಡುತ್ತೇನೆ. ಖಾಲಿ ಲೋಟವನ್ನು ಮಾತ್ರ ಆ ರಾತ್ರಿ ತೊಳೆಯುವುದಿಲ್ಲ. ಮದ್ಯಸಾರವೆಲ್ಲ ಆರಿಹೋದ ಮೇಲೆ, ಬೆಳಿಗ್ಗೆ ಅದರ ತಳದಲ್ಲಿ ಸುಟ್ಟ ಮರದ, ಒಣಗಿದ ಸಕ್ಕರೆ ಪಾಕದ ವಾಸನೆ ಉಳಿದಿರುತ್ತದೆ.